ಚೀನಾ ಗ್ರಾಸ್‌ನಲ್ಲಿ ಮಾಡಿದ ಡಿಕಿನ್ಸೋನಿಯಾ

ಉಡುಪಿಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ವಿಕಾಸದ ಪಾಠ ಬಂದಾಗೆಲ್ಲ ಒಂದೇ ಪ್ರಶ್ನೆ. ಮೂಳೆ ಇಲ್ಲ, ಚಿಪ್ಪಿಲ್ಲ, ಬರೀ ಲೋಳೆ ಮೈ, ಅಂಥದ್ದು ಕಲ್ಲಿನಲ್ಲಿ ಉಳಿಯುವುದು ಹೇಗೆ ಸರ್? ಕೇಳುವುದರಲ್ಲಿ ನ್ಯಾಯ ಉಂಟು. ಮಲ್ಪೆ ತೀರಕ್ಕೆ ಬಂದು ಬಿದ್ದ ಜೆಲ್ಲಿ ಮೀನು ಗುರುತೇ ಇಲ್ಲದ ಹಾಗೆ ಕರಗುವುದನ್ನು ನೋಡಿದ ಮಕ್ಕಳು ಇವರು. ಅದಕ್ಕೇ ಲ್ಯಾಬಿನಲ್ಲಿ ಮಾಡಿಯೇ ತೋರಿಸುತ್ತೇನೆ.

ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರ ಬೆಟ್ಟಗಳಲ್ಲಿ 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿಗೆ ಇಂಥ ಮೆತ್ತಗಿನ ಜೀವಿಗಳ ಅಚ್ಚು ಸಿಕ್ಕಿತು. ಸುಮಾರು 55 ಕೋಟಿ ವರ್ಷ ಹಳೆಯದು. ಅವುಗಳಲ್ಲಿ ನನಗೆ ಇಷ್ಟದ್ದು ಡಿಕಿನ್ಸೋನಿಯಾ. ಚಪ್ಪಟೆ, ಮೊಟ್ಟೆಯಾಕಾರ, ಮೈತುಂಬ ಗೆರೆ. ಅದು ಪ್ರಾಣಿಯೋ ಅಲ್ಲವೋ ಎಂದು ವರ್ಷಗಟ್ಟಲೆ ಜಗಳ ನಡೆದು, 2018ರಲ್ಲಿ ರಷ್ಯಾದ ಬಿಳಿ ಸಮುದ್ರದ ಕಡೆಯ ಅಚ್ಚುಗಳಲ್ಲಿ, ಪ್ರಾಣಿಗಳ ಮೈಯಲ್ಲಿ ಇರುವಂಥ ಕೊಲೆಸ್ಟ್ರಾಲ್‌ನ ಕುರುಹು ಸಿಕ್ಕ ಮೇಲೆ ಪ್ರಾಣಿ ಎನ್ನುವವರ ಕೈ ಮೇಲಾಯಿತು.

ಉಳಿದದ್ದು ಹೇಗೆ ಎಂಬುದಕ್ಕೆ ಪಳೆಯುಳಿಕೆ ವಿಜ್ಞಾನಿ ಜೇಮ್ಸ್ ಗೆಲಿಂಗ್ 1999ರಲ್ಲಿ ಕೊಟ್ಟ ವಿವರಣೆಯೇ ನನ್ನ ಪ್ರಯೋಗದ ಬುಡ. ಆಗಿನ ಕಡಲತಳದ ಮೇಲೆಲ್ಲ ಸೂಕ್ಷ್ಮಜೀವಿಗಳ ಪಾಚಿಯಂಥ ಪದರ ಇತ್ತು. ಬಿರುಗಾಳಿಗೆ ಹೊಯ್ಗೆ ಬಂದು ಜೀವಿಯನ್ನು ಮುಚ್ಚಿತು. ಮೈ ಕೊಳೆಯುವಾಗ ಬ್ಯಾಕ್ಟೀರಿಯಾ ಕೆಲಸದಿಂದ ಕಬ್ಬಿಣ, ಗಂಧಕ ಸೇರಿ ಪೈರೈಟ್ ಆಗಿ, ಮೇಲಿನ ಹೊಯ್ಗೆಯ ತಳಭಾಗ ಬೇಗ ಗಟ್ಟಿಯಾಯಿತು. ಮೈ ಹೋಯಿತು, ಅಚ್ಚು ಉಳಿಯಿತು.

ಪೈರೈಟ್ ಆಗುವವರೆಗೆ ನಮ್ಮ ಪಿರಿಯಡ್ ಕಾಯುವುದಿಲ್ಲ ಮಾರಾಯ್ರೆ. ಆ ಜಾಗಕ್ಕೆ ನಾನು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುತ್ತೇನೆ. ಚೀನಾ ಗ್ರಾಸ್ ಸ್ವಲ್ಪ ಗಟ್ಟಿಯಾಗಿ ಕುದಿಸಿ ತಟ್ಟೆಗೆ ಹೊಯ್ದು, ಆರಿದ ಮೇಲೆ ಮೊಟ್ಟೆಯಾಕಾರಕ್ಕೆ ಕತ್ತರಿಸಿ ಚಮಚದ ಹಿಡಿಯಿಂದ ಗೆರೆ ಎಳೆಯಬೇಕು. ಟ್ರೇಯಲ್ಲಿ ತೊಳೆದ ಹೊಯ್ಗೆ, ಅದರ ಮೇಲೆ ಹಿನ್ನೀರಿನ ಅಂಚಿನಿಂದ ತಂದ ಪಾಚಿ, ಅದರ ಮೇಲೆ ಈ ಜೆಲ್ಲಿ. ಒಂದು ಟ್ರೇಗೆ ಮೇಲಿಂದ ಬರೀ ಒದ್ದೆ ಹೊಯ್ಗೆ, ಇನ್ನೊಂದಕ್ಕೆ ಮೊದಲು ಪ್ಲಾಸ್ಟರ್ ಕಲಸಿದ ತೆಳು ಪದರ, ಆಮೇಲೆ ಹೊಯ್ಗೆ. ನಿಜವಾದ ಜೆಲ್ಲಿ ಮೀನು ತರಬೇಡಿ, ಸತ್ತದ್ದೂ ತುರಿಸುತ್ತದೆ, ಮತ್ತೆ ಆ ವಾಸನೆ!

ಮರುದಿನ ಮಕ್ಕಳು ಮೇಲ್ಗಡೆಯೇ ಹುಡುಕುತ್ತಾರೆ. ನೋಡಬೇಕಾದ್ದು ಅಡಿ. ಆಸ್ಟ್ರೇಲಿಯಾದ ನಿಲ್ಪೆನಾದಲ್ಲೂ ಮೇರಿ ಡ್ರೋಸರ್ ತಂಡದವರು ಮರಳುಗಲ್ಲಿನ ಹಾಸುಗಳನ್ನು ಮಗುಚಿಯೇ ನೋಡುವುದು. ನಮ್ಮ ಪ್ಲಾಸ್ಟರ್ ಪದರ ಮಗುಚಿ, ತೊಳೆದು, ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ತಗ್ಗಿಸಿ ಹಿಡಿದರೆ ಗೆರೆ ಸಮೇತ ಅಚ್ಚು ಕಾಣುತ್ತದೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಬರೀ ಹೊಯ್ಗೆಯ ಟ್ರೇಯಲ್ಲಿ ಮಗುಚಲು ಏನೂ ಇಲ್ಲ, ಕೈಯಲ್ಲೇ ಉದುರುತ್ತದೆ.

ಇಷ್ಟಾದ ಮೇಲೆ ಮಧ್ಯಪ್ರದೇಶದ ಭೀಮಬೇಟ್ಕಾದ ಕತೆ ಹೇಳುತ್ತೇನೆ. ಅಲ್ಲಿನ ಗುಹೆಯಲ್ಲಿ ಡಿಕಿನ್ಸೋನಿಯಾ ಸಿಕ್ಕಿತು ಎಂದು 2021ರಲ್ಲಿ ದೊಡ್ಡ ಸುದ್ದಿ. ನಿಜವಾಗಿದ್ದರೆ ಆ ಕಲ್ಲಿಗೆ 55 ಕೋಟಿ ವರ್ಷ ಅನ್ನಬೇಕಿತ್ತು, ಬೇರೆ ಲೆಕ್ಕಗಳು ಸುಮಾರು 100 ಕೋಟಿ ಎನ್ನುತ್ತಿದ್ದವು. ಭೂವಿಜ್ಞಾನಿ ಜೋಸೆಫ್ ಮೀರ್ಟ್ ಮತ್ತು ಜೊತೆಗಾರರು ಹೋಗಿ ನೋಡಿದರೆ ಅದು ಕಲ್ಲಿಗೆ ಅಂಟಿದ್ದ ಹಳೆಯ ಜೇನುಗೂಡಿನ ಗುರುತು. 2023ರಲ್ಲಿ ಅದನ್ನು ಬರೆದರು, ಮೊದಲು ಪ್ರಕಟಿಸಿದವರೂ ಒಪ್ಪಿದರು. ಒಪ್ಪಿದ್ದು ದೊಡ್ಡ ವಿಷಯ ಅಲ್ವಾ? ಅಚ್ಚು ಕಲ್ಲಿನ ಪದರದ್ದೋ, ಮೇಲೆ ಅಂಟಿಕೊಂಡದ್ದೋ ಎಂದು ಕೇಳುವುದನ್ನು ನಮ್ಮ ಮಕ್ಕಳೂ ಕಲಿತಿದ್ದಾರೆ. ಈಗ ಮುರಕಲ್ಲಿನ ತೂತು ತೋರಿಸಿ ಪಳೆಯುಳಿಕೆ ಅನ್ನುವವರು ಕಮ್ಮಿ.

ಈ ಸಲ ಒಬ್ಬಳು, ಹಾಗಾದ್ರೆ ಈಗ ಯಾಕೆ ಹೀಗೆ ಅಚ್ಚಾಗುವುದಿಲ್ಲ ಎಂದಳು. ಪಾಚಿ ಹಾಸಿದ ಇನ್ನೊಂದು ಟ್ರೇಗೆ ಕಡಲ ನೀರು ಹಾಕಿ ಜೀವಂತ ಮರುವಾಯಿ ಬಿಟ್ಟೆವು. ಬೆಳಿಗ್ಗೆಗೆ ಹಾಸು ಚಿಂದಿ. ಸುಮಾರು 54 ಕೋಟಿ ವರ್ಷಗಳ ಹಿಂದೆ ಕೇಂಬ್ರಿಯನ್ ಎಂಬ ಕಾಲಘಟ್ಟ ಶುರುವಾದ ಮೇಲೆ ಕಡಲತಳದಲ್ಲಿ ಕೊರೆಯುವ, ಅಗೆಯುವ ಪ್ರಾಣಿಗಳು ಜಾಸ್ತಿಯಾದವು, ಅಂಥ ಪದರ ಹೆಚ್ಚಿನ ಕಡೆ ಉಳಿಯಲಿಲ್ಲ. ಅವಳೇ ಹೋಗಿ ಮರುವಾಯಿಗಳನ್ನು ವಾಪಸ್ ನೀರಿಗೆ ಬಿಟ್ಟು ಬಂದಳು. ಸಾರಿಗೆ ಆಗುತ್ತಿತ್ತು ಎಂದು ಉಳಿದವರಿಗೆ ಬೇಜಾರು.