ನೀರು ಬಿಡಬೇಕಾ, ಬೇಡವಾ? ತೋಟದ ಸೆನ್ಸರ್‌ಗೆ ಪರದೆ ಮಾಡಿದ ನನ್ನ ಅನುಭವ

ಅಡಿಕೆ ತೋಟದ ಮಣ್ಣಿನ ತೇವ ಅಳೆಯುವುದು ಈಗ ದೊಡ್ಡ ವಿಷಯವಲ್ಲ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು, ಒಂದೆರಡು ಕೆಪಾಸಿಟಿವ್ ಸೆನ್ಸರ್, ಸ್ವಲ್ಪ ವೈರು ಇದ್ದರೆ ಸಾಕು. ತಲೆ ತಿನ್ನುವುದು ಆಮೇಲಿನ ಕೆಲಸ. ಅಳೆದದ್ದನ್ನು ಮನೆಯವರಿಗೆ ತೋರಿಸುವುದು ಹೇಗೆ?

ನಮ್ಮಲ್ಲಿ ಇದನ್ನು ನೋಡುವವರು ಮೂವರು. ಅಮ್ಮನಿಗೆ ಚಾಳೀಸಿನ ಕನ್ನಡಕ ಇಲ್ಲದೆ ಸಣ್ಣ ಅಕ್ಷರ ಕಾಣುವುದಿಲ್ಲ, ತೋಟಕ್ಕೆ ಹೋಗುವಾಗ ಅದನ್ನು ಹಾಕುವುದೂ ಇಲ್ಲ. ಚಿಕ್ಕಪ್ಪನಿಗೆ ಕೆಂಪು, ಹಸಿರು ಎರಡೂ ಹೆಚ್ಚುಕಡಿಮೆ ಒಂದೇ. ಗೊನೆ ಹಣ್ಣಾಗಿದೆಯಾ ಅಂತ ಪಕ್ಕದವರನ್ನು ಕೇಳುತ್ತಾರೆ. ಲೆಕ್ಕಪತ್ರ ನೋಡುವ ಭಾವನಿಗೆ ದೃಷ್ಟಿ ಪೂರ್ತಿ ಹೋಗಿದೆ. ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಕನ್ನಡದಲ್ಲಿ ಓದಿ ಹೇಳುತ್ತದೆ.

ಸೆನ್ಸರ್ ಕೊಡುವ ಅಂಕೆ 0ಯಿಂದ 4095ರ ನಡುವೆ ಎಲ್ಲೋ ಇರುತ್ತದೆ. ಅದೂ ಉಲ್ಟಾ: ಮಣ್ಣು ಒಣಗಿದಷ್ಟೂ ಅಂಕೆ ಮೇಲೇರುತ್ತದೆ. ಶೇಕಡಾ ಲೆಕ್ಕಕ್ಕೆ ತಿರುಗಿಸಿ "38 ಇದೆ" ಅಂದರೆ ಅಮ್ಮ ಕೇಳಿದ್ದು, "ಹಂಗಾದ್ರೆ ಮೋಟರ್ ಹಾಕ್ಬೇಕಾ, ಬೇಡ್ವಾ?" ಸರಿಯಾದ ಪ್ರಶ್ನೆ ಅಲ್ವಾ? ಪರದೆ ಹೇಳಬೇಕಾದ್ದೂ ಅದನ್ನೇ. ಹಾಗಾಗಿ ದಪ್ಪಕ್ಷರದಲ್ಲಿ ಮೂರೇ ಮಾತು ಇಟ್ಟೆ: "ನೀರು ಬೇಕು", "ನಾಳೆ ನೋಡಿ", "ನೀರು ಬೇಡ". ಅಂಕೆ ಕೆಳಗೆ ಚಿಕ್ಕದಾಗಿ, ನನ್ನಂಥವರಿಗೆ.

ಯಾವ ಅಂಕೆಗೆ ಯಾವ ಮಾತು ಅಂತ ತೀರ್ಮಾನ ಮಾಡಿದ್ದು ಅಮ್ಮನ ಕೈ. ಸೆನ್ಸರ್ ಪಕ್ಕದಲ್ಲೇ ಅರ್ಧ ಅಡಿ ಬಗೆದು, ಒಂದು ಹಿಡಿ ಮಣ್ಣು ತೆಗೆದು ಅಮುಕುತ್ತಿದ್ದರು. ಉಂಡೆ ಗಟ್ಟಿ ನಿಂತರೆ ನೀರು ಬೇಡ. ಬೆರಳು ಬಿಟ್ಟ ಕೂಡಲೇ ಪುಡಿಯಾದರೆ ಬೇಕು. ಅವರು ಹೇಳಿದಾಗಲೆಲ್ಲ ಆ ಹೊತ್ತಿನ ಅಂಕೆ ಬರೆದಿಟ್ಟುಕೊಂಡೆ. ಸೆನ್ಸರ್ ಜೊತೆ ಬಂದ ಮಿತಿಗಳನ್ನು ನಂಬುವುದಕ್ಕಿಂತ ಇದು ಎಷ್ಟೋ ವಾಸಿ. ಮಣ್ಣು ಬದಲಾದರೆ ಅಂಕೆಯೂ ಬದಲಾಗುತ್ತದೆ.

ಇನ್ನು ಪರದೆ. ಎಲ್ಲರೂ ಬಳಸುವ ಎರಡು ಸಾಲಿನ ಎಲ್‌ಸಿಡಿಯಲ್ಲಿ ಒಂದು ಅಕ್ಷರಕ್ಕೆ 5 ಅಡ್ಡ, 8 ಉದ್ದ ಚುಕ್ಕಿ. ಹೊಸ ಅಕ್ಷರ ಎಂಟೇ ಸೇರಿಸಬಹುದು. ಒತ್ತಕ್ಷರಕ್ಕೆ ಜಾಗವೇ ಇಲ್ಲ. ಹಾಗಾಗಿ ಕಾಗದದಂತೆ ಕಾಣುವ ಇ-ಪೇಪರ್ ಪರದೆ ತರಿಸಿದೆ, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಇಂಥ ಸಣ್ಣ ಬೋರ್ಡುಗಳಿಗೆ ಸಿಗುವ ಸಾಮಾನ್ಯ ಲೈಬ್ರರಿಗಳಿಗೆ (ಅಕ್ಷರ ಮೂಡಿಸುವ ಸಿದ್ಧ ಕೋಡು) ಕನ್ನಡದ ಗುಣಿತ, ಒತ್ತು ಜೋಡಿಸಲು ಬರುವುದಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಆ ಮೂರು ಮಾತನ್ನೂ ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಬೋರ್ಡಿಗೆ ಹಾಕಿಬಿಟ್ಟೆ. ಮೂರೇ ಮಾತು ತಾನೇ! ಪ್ರತಿಯೊಂದರ ಪಕ್ಕ ಒಂದು ಹನಿ: ತುಂಬಿದ್ದು, ಅರ್ಧ ತುಂಬಿದ್ದು, ಅಡ್ಡಗೆರೆ ಹೊಡೆದದ್ದು. ಬಣ್ಣದ ಹಂಗಿಲ್ಲ, ಚಿಕ್ಕಪ್ಪನಿಗೆ ಮೋಟರ್ ಶೆಡ್ಡಿನ ಬಾಗಿಲಿನಿಂದಲೇ ಗೊತ್ತಾಗುತ್ತದೆ.

ಇ-ಪೇಪರಿನಲ್ಲಿ ಒಂದು ಮೋಸ ಇದೆ. ಕರೆಂಟು ಹೋದರೂ ಚಿತ್ರ ಹಾಗೇ ಉಳಿಯುತ್ತದೆ. ಮಲೆನಾಡಿನಲ್ಲಿ ಕರೆಂಟು ಹೋಗುವುದು ಗೊತ್ತಲ್ಲ, ನಿನ್ನೆಯ "ನೀರು ಬೇಡ" ಇವತ್ತೂ ನಗುತ್ತಾ ಕೂತಿರುತ್ತದೆ. ಅದಕ್ಕೇ "ಬೆಳಿಗ್ಗೆ 7ರ ಲೆಕ್ಕ, ಸೋಮವಾರ" ಅಂತ ಮೇಲೆಯೇ ದೊಡ್ಡದಾಗಿ ಬರುವಂತೆ ಮಾಡಿದೆ. ಇದೇ ಲೆಕ್ಕವನ್ನು ಫೋನಿನಲ್ಲಿ ನೋಡಲು ಒಂದು ವೆಬ್ ಪುಟವನ್ನೂ ಮಾಡಿದ್ದೇನೆ, ಅಲ್ಲಿ ಇದು ಸುಲಭ: ಲೆಕ್ಕ 3 ಗಂಟೆಗಿಂತ ಹಳೆಯದಾದರೆ ಹನಿ ಮಾಯವಾಗಿ "ಹಳೇ ಲೆಕ್ಕ" ಅಂತ ಬರುತ್ತದೆ.

ಫೋನಿನ ಪುಟ ಮುಖ್ಯವಾಗಿ ಭಾವನಿಗೆ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಬೇರೆ ಭಾಷೆಯ ಧ್ವನಿ ಓದಲು ಹೊರಡಬಹುದು. ಬದಲಾವಣೆಯನ್ನು ತಾನಾಗಿ ಓದಿಸುವ ಏರಿಯಾ-ಲೈವ್ ಅನ್ನುವ ಕೋಡಿನ ಗುರುತನ್ನು ತೀರ್ಪಿನ ಸಾಲಿಗೆ ಮಾತ್ರ ಹಾಕಿದೆ. ಅಂಕೆ ಇದ್ದ ಸಾಲಿಗೂ ಹಾಕಿದರೆ ಸೆನ್ಸರ್ ಒಂದಂಕಿ ಅಲುಗಾಡಿದಾಗಲೂ ಫೋನು ಸುಮ್ನೆ ಬಡಬಡಿಸುತ್ತದೆ. ಗ್ರಾಫ್ ಅವರ ಪಾಲಿಗೆ ಬರೀ ಮೌನ, ಅದರ ಜಾಗದಲ್ಲಿ ಒಂದು ವಾಕ್ಯ: "ನಿನ್ನೆಗಿಂತ ಒಣಗಿದೆ, ಕೆಳಗಿನ ಬಣ್ಣ ಜಾಸ್ತಿ." ಬಣ್ಣ ಅಂದರೆ ನಮ್ಮ ಕಡೆ ತೋಟದ ಒಂದು ಪಟ್ಟಿ. ನಿಜ ಹೇಳಬೇಕೆಂದರೆ ಈಗ ನಾನೂ ಗ್ರಾಫ್ ತೆರೆಯುವುದು ಕಡಿಮೆ.

ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕು ಅನ್ನುತ್ತದೆ ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮ, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿ ಮೇಲೆ ಅಪ್ಪಟ ಹಳದಿ 1.1ಅನ್ನೂ ಮುಟ್ಟುವುದಿಲ್ಲ. ನಾನು ಕಪ್ಪು-ಬಿಳುಪಿಗೇ ಅಂಟಿಕೊಂಡೆ.

ಈಗ ಭಾವ ಮೋಟರ್ ಎಷ್ಟು ಹೊತ್ತು ಓಡಿತು ಅನ್ನುವ ಸಾಲೂ ಬೇಕು ಅನ್ನುತ್ತಿದ್ದಾರೆ. ಕರೆಂಟ್ ಸೆನ್ಸರ್ ತರಿಸಿದ್ದೇನೆ, ಮಳೆಗಾಲ ಮುಗಿದ ಮೇಲೆ ಕೂರಿಸಬೇಕು.