ಟೆಸ್ಟಿನ ಹೆಸರು ಆಮೇಲೆ, ಮೊದಲು ನೋವಿಲ್ಲದ ಕಾಲು

ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸ್) ಓದಲು ಸೇರಿದಾಗ ಎದೆ, ಹೊಟ್ಟೆಯ ಪರೀಕ್ಷೆ ನನಗೆ ಹೊಸದೇನಲ್ಲ. ವಾರ್ಡಿನಲ್ಲಿ ವರ್ಷಗಟ್ಟಲೆ ಸ್ಟೆತಸ್ಕೋಪ್ ಹಿಡಿದ ಕೈ. ಕೀಲು ಮೂಳೆಯ ವಿಷಯ ಹಾಗಲ್ಲ. ನರ್ಸಾಗಿ ನಾನು ಕಲಿತದ್ದೆಲ್ಲ ಪ್ಲಾಸ್ಟರ್ ಬಿದ್ದ ಮೇಲಿನ ಕೆಲಸ: ಬೆರಳು ಬೆಚ್ಚಗಿದೆಯೇ, ನಾಡಿ ಸಿಗುತ್ತಿದೆಯೇ, ಮುರಿದ ಮೂಳೆಯನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ತೂಕ ನೆಲಕ್ಕೆ ತಾಗಿಲ್ಲ ತಾನೇ. ಎಕ್ಸ್‌ರೇ ಬೇಕೋ ಬೇಡವೋ, ಯಾವ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹೋಗಿರಬಹುದು ಎಂಬುದನ್ನು ಡಾಕ್ಟರು ನೋಡಿಕೊಳ್ಳುತ್ತಿದ್ದರು.

ಪುಸ್ತಕ ತೆಗೆದರೆ ಬರೀ ಕೀಲು ಟೆಸ್ಟುಗಳ ಹೆಸರುಗಳು: ಲ್ಯಾಕ್‌ಮನ್, ಮೆಕ್‌ಮರೆ, ನೀರ್, ಹಾಕಿನ್ಸ್, ಫ್ಯಾಲೆನ್. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಕ್ರಮ ಹಿಡಿದೆ. ಕೇಳು, ನೋಡು, ಮುಟ್ಟು, ಆಡಿಸು. ಹೆಸರಿರುವ ಟೆಸ್ಟು ಕಡೆಗೆ.

ಮಂಡಿಯನ್ನೇ ತೆಗೆದುಕೊಳ್ಳಿ. ಆಟದಲ್ಲಿ ತಿರುಚಿಕೊಂಡ ಹುಡುಗನಿಗೆ ನನ್ನ ಮುಖ್ಯ ಪ್ರಶ್ನೆ, ಬಾವು ಯಾವಾಗ ಬಂತು? ಒಂದೆರಡು ಗಂಟೆಯಲ್ಲೇ ಊದಿದ್ದರೆ ಕೀಲಿನೊಳಗೆ ರಕ್ತ ಎಂದು ಅನುಮಾನಿಸಬೇಕು, ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್) ಹರಿದಿರುವ ಸಾಧ್ಯತೆ ಹೆಚ್ಚು. ಮಾರನೇ ದಿನ ನಿಧಾನಕ್ಕೆ ಊದಿದ್ದರೆ ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ಕಡೆ ಯೋಚನೆ ಹೋಗುತ್ತದೆ. ಮೊಮ್ಮಕ್ಕಳನ್ನು ನೋಡಲು ಊರಿಂದ ಬಂದ ಅಜ್ಜಿಯರಿಗೆ ಕೇಳುವುದೇ ಬೇರೆ: "ನೆಲದ ಮೇಲೆ ಕೂತು ಏಳೋಕಾಗುತ್ತಾ ಅಮ್ಮಾ?"

ಕೈ ಹಾಕುವುದು ನೋವಿಲ್ಲದ ಕಾಲಿಗೆ ಮೊದಲು. ರೋಗಿಯ ಹೆದರಿಕೆ ಇಳಿಯುತ್ತದೆ. ಆ ಮನುಷ್ಯನ ಕೀಲು ಸಹಜವಾಗಿ ಎಷ್ಟು ಸಡಿಲ ಎಂಬ ಅಳತೆಯೂ ಸಿಗುತ್ತದೆ. ಎಸಿಎಲ್ ನೋಡುವ ಲ್ಯಾಕ್‌ಮನ್ ಟೆಸ್ಟ್ ಮಾಡಲು ಮಂಡಿ 20ರಿಂದ 30 ಡಿಗ್ರಿ ಮಡಚಿರಬೇಕು. ನನ್ನ ಕೈ ಚಿಕ್ಕದು, ಇಲ್ಲಿನ ಫುಟ್‌ಬಾಲ್ ಹುಡುಗರ ತೊಡೆ ಹಿಡಿತಕ್ಕೇ ಸಿಗುವುದಿಲ್ಲ. ಅದಕ್ಕೆ ಟೇಬಲ್ ಮೇಲೆ ನನ್ನ ಮಂಡಿಯಿಟ್ಟು, ಅವರ ತೊಡೆಯನ್ನು ಅದರ ಮೇಲೆ ಒರಗಿಸಿ, ಮೇಲಿಂದ ಒಂದು ಕೈಯಲ್ಲಿ ಒತ್ತಿ, ಇನ್ನೊಂದರಲ್ಲಿ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆಳೆಯುತ್ತೇನೆ. ಎಷ್ಟು ಜರುಗಿತು ಎನ್ನುವುದರ ಜೊತೆಗೆ ಕೊನೆಯಲ್ಲಿ ಗಟ್ಟಿಯಾಗಿ ತಡೆಯಿತೇ ಎಂಬುದನ್ನೂ ಗಮನಿಸಬೇಕು. ಆ ತಡೆಯ ಅಂದಾಜು ಬರಲಿ ಎಂದು ಮನೆಯವರ ಮಂಡಿಗಳನ್ನೆಲ್ಲ ಎಳೆದು ನೋಡಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಕಣಕಾಲು ಉಳುಕಿದವರಿಗೆ ನನ್ನ ಆಸರೆ 1992ರಲ್ಲಿ ಕೆನಡಾದಿಂದ ಬಂದ, ಎಕ್ಸ್‌ರೇ ಬೇಕೇ ಎಂದು ತಿಳಿಸುವ ಒಟ್ಟಾವಾ ನಿಯಮ. ಕಣಕಾಲಿನ ಎರಡು ಗಂಟುಗಳಲ್ಲಿ ಯಾವುದಾದರೊಂದರ ತುದಿಯಲ್ಲಿ ಅಥವಾ ಹಿಂಬದಿಯ ಅಂಚಿನ 6 ಸೆಂ.ಮೀ.ನಲ್ಲಿ ಮೂಳೆ ಒತ್ತಿದರೆ ನೋವೇ? ಪೆಟ್ಟಾದ ಕೂಡಲೇ, ಈಗಲೂ, ನಾಲ್ಕು ಹೆಜ್ಜೆ ಇಡಲಾಗುತ್ತಿಲ್ಲವೇ? ಇವೆರಡರಲ್ಲಿ ಒಂದಿದ್ದರೂ ಎಕ್ಸ್‌ರೇ. ಪಾದಕ್ಕಾದರೆ ಕಿರುಬೆರಳ ಸಾಲಿನ ಉದ್ದ ಮೂಳೆಯ ಬುಡ ಮತ್ತು ಒಳಬದಿಯ ನ್ಯಾವಿಕ್ಯುಲರ್ ಮೂಳೆ ಒತ್ತಿ ನೋಡಬೇಕು. ಕುಂಟುತ್ತ ನಡೆದರೂ ಅದು ನಡಿಗೆಯೇ. 6 ಸೆಂ.ಮೀ. ಅಂದರೆ ಎಷ್ಟು ಎಂದು ಸ್ಕೇಲಿಟ್ಟು ನನ್ನ ಬೆರಳ ಮೇಲೆ ಗುರುತು ಮಾಡಿಕೊಂಡಿದ್ದೇನೆ. ಈಗ ನನ್ನ ಹತ್ತಿರ ಕಲಿಯುವ ವಿದ್ಯಾರ್ಥಿಗಳು ಗಂಟಿನ ಮುಂಭಾಗ ಒತ್ತುತ್ತಾರೆ; ಬರೀ ಉಳುಕಿದರೂ ಅಲ್ಲಿ ನೋಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಕುಡಿದು ಬಂದವರಿಗೆ ಈ ನಿಯಮ ನಂಬಬಾರದು.

ಹತ್ತು ಹನ್ನೆರಡು ವರ್ಷದ ಮಕ್ಕಳು ಮಂಡಿ ನೋವೆಂದು ಬಂದು, ಮಂಡಿಯಲ್ಲಿ ಏನೂ ಕಾಣದಿದ್ದರೆ ಸೊಂಟದ ಕೀಲನ್ನು ನೋಡಲೇಬೇಕು. ತೊಡೆ ಮೇಲಕ್ಕೆ ಮಡಚುವಾಗ ಕಾಲು ತಾನಾಗಿ ಹೊರಕ್ಕೆ ತಿರುಗಿದರೆ ತೊಡೆಮೂಳೆಯ ತಲೆ ಜಾರಿರಬಹುದು. ಅಂಥ ಮಗುವನ್ನು ನಡೆಸಿಕೊಂಡು ಮನೆಗೆ ಕಳಿಸುವಂತಿಲ್ಲ. ಅವತ್ತೇ ಆರ್ಥೋ ನೋಡಬೇಕು.

ಬೆನ್ನಿನಿಂದ ಕಾಲಿಗಿಳಿಯುವ ನರಗಳು ಒತ್ತಿಹೋಗಿವೆಯೇ ಎಂದು ತಿಳಿಯಲು ಬೆನ್ನುನೋವಿನವರನ್ನು ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಸುತ್ತೇನೆ, ಕಾಲಿನ ಹೆಬ್ಬೆರಳು ಎತ್ತಿಸುತ್ತೇನೆ. ಅದೇ ಕಾರಣಕ್ಕೆ ಮೂತ್ರ ಕಟ್ಟಿದೆಯೇ, ಒರೆಸಿಕೊಳ್ಳುವಾಗ ಸ್ಪರ್ಶ ತಿಳಿಯುತ್ತಿಲ್ಲವೇ ಎಂದೂ ಕೇಳಬೇಕು; ಅದನ್ನು ಕೇಳಲು ನಮ್ಮ ಕಡೆಯವರಿಗೆ ಸಂಕೋಚ. ಕೇಳಲೇಬೇಕು, ಅಂಥ ತೊಂದರೆ ಇಲ್ಲ ಎಂಬ ಉತ್ತರವನ್ನೂ ಚಾರ್ಟಿನಲ್ಲಿ ಬರೆಯಬೇಕು. "ಪರೀಕ್ಷೆ ನಾರ್ಮಲ್" ಎಂದಷ್ಟೇ ಇದ್ದರೆ ಆ ಟಿಪ್ಪಣಿಯನ್ನು ವಿದ್ಯಾರ್ಥಿಗೆ ವಾಪಸ್ ಕೊಡುತ್ತೇನೆ.