ಲೂಪಸ್: ರಿಪೋರ್ಟ್ ಓದುವುದು ಹೇಗೆ, ಸ್ಟೀರಾಯ್ಡ್ ಇಳಿಸುವುದು ಹೇಗೆ

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆ. ಅದರ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಎಎನ್‌ಎ (ದೇಹದ ಜೀವಕೋಶಗಳ ಕೇಂದ್ರದ ವಿರುದ್ಧವೇ ಹುಟ್ಟುವ ಪ್ರತಿಕಾಯ) ಸಾಲಿಗೆ. ಆದರೆ ಲೂಪಸ್ ಎಂದು ಒಮ್ಮೆ ಖಚಿತವಾದ ಮೇಲೆ ಆ ಸಾಲಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಲೂಪಸ್ ಇರುವ ಶೇ 95ಕ್ಕೂ ಹೆಚ್ಚು ಮಂದಿಗೆ ಅದು ಪಾಸಿಟಿವ್ ಬರುತ್ತದೆ, ರೋಗ ಹತೋಟಿಗೆ ಬಂದ ಮೇಲೂ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. 1:320 ಇದ್ದದ್ದು 1:640 ಆಯಿತೆಂದು ಹೆದರಬೇಡಿ, ಪ್ರತಿ ಸಲ ಅದಕ್ಕೆ ದುಡ್ಡು ಸುರಿಯಲೂ ಬೇಡಿ.

ಆಂಟಿ-ಡಿಎಸ್‌ಡಿಎನ್‌ಎ (ಡಿಎನ್‌ಎ ವಿರುದ್ಧದ ಪ್ರತಿಕಾಯ), ಸಿ3–ಸಿ4 (ರಕ್ತದಲ್ಲಿನ ರಕ್ಷಣಾ ಪ್ರೋಟೀನ್‌ಗಳು), ಮೂತ್ರ: ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿ. ರೋಗ ಕೆರಳಿದಾಗ, ಅದರಲ್ಲೂ ಕಿಡ್ನಿಗೆ ತಗುಲಿದಾಗ, ಡಿಎಸ್‌ಡಿಎನ್‌ಎ ಏರಿ ಸಿ3, ಸಿ4 ಇಳಿಯುವುದುಂಟು. ಸಾಮಾನ್ಯವಾಗಿ ಡೆಸಿಲೀಟರ್‌ಗೆ ಸಿ3 90–180 ಮಿ.ಗ್ರಾಂ., ಸಿ4 10–40 ಮಿ.ಗ್ರಾಂ. ಇರುತ್ತದೆ. ಲ್ಯಾಬ್ ಬದಲಾದರೆ ಪರೀಕ್ಷೆಯ ವಿಧಾನವೂ ಬದಲಾಗಬಹುದು, ಆಗ ಹಳೆಯ ಡಿಎಸ್‌ಡಿಎನ್‌ಎ ಅಂಕಿಯನ್ನು ಹೊಸದಕ್ಕೆ ಹೋಲಿಸಲಾಗದು. ಆದಷ್ಟು ಒಂದೇ ಲ್ಯಾಬ್‌ಗೆ ಹೋಗಿ. ಕೆಲವರಿಗೆ ಡಿಎಸ್‌ಡಿಎನ್‌ಎ ವರ್ಷಗಟ್ಟಲೆ ಹೆಚ್ಚೇ ಇದ್ದರೂ ರೋಗ ತಣ್ಣಗಿರುತ್ತದೆ. ಬರೀ ಆ ಅಂಕಿ ನೋಡಿ ಸ್ಟೀರಾಯ್ಡ್ ಏರಿಸುವುದು ಸರಿಯಲ್ಲ.

ಮೂತ್ರ ಪರೀಕ್ಷೆಯನ್ನು ಮಾತ್ರ ಎಂದೂ ಬಿಡಬೇಡಿ. ಕಿಡ್ನಿಯ ತೊಂದರೆ ಮೊದಲಿಗೆ ನೋವು ಕೊಡುವುದಿಲ್ಲ. ಬೆಳಗಿನ ಮೊದಲ ಮೂತ್ರ ಕೊಟ್ಟು ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ನೋಡಿಸಿ, 0.5 ಮೀರಿದರೆ ಬೇಗ ವೈದ್ಯರನ್ನು ಕಾಣಿ. ಮುಟ್ಟಿನ ದಿನಗಳಲ್ಲಿ ಕೊಟ್ಟರೆ ಫಲಿತಾಂಶ ಕೆಡುತ್ತದೆ.

ಇಎಸ್‌ಆರ್, ಸಿಆರ್‌ಪಿ ಎರಡೂ ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳು. ಲೂಪಸ್ ಕೆರಳಿದಾಗ ಇಎಸ್‌ಆರ್ ಏರಿದರೂ ಸಿಆರ್‌ಪಿ ಹೆಚ್ಚಾಗಿ ಅಷ್ಟು ಏರುವುದಿಲ್ಲ. ಜ್ವರದ ಜೊತೆ ಸಿಆರ್‌ಪಿ ತುಂಬಾ ಏರಿದ್ದರೆ ಮೊದಲು ಸೋಂಕನ್ನು ಹುಡುಕಬೇಕು. ಬಿಳಿ ರಕ್ತಕಣ 4,000ಕ್ಕಿಂತ, ಪ್ಲೇಟ್‌ಲೆಟ್ 1,00,000ಕ್ಕಿಂತ ಇಳಿದರೆ ರೋಗವೋ ಔಷಧವೋ ಕಾರಣವಿರಬಹುದು. ಸ್ಟೀರಾಯ್ಡೇ ಬಿಳಿ ರಕ್ತಕಣವನ್ನು ಏರಿಸುತ್ತದೆ ಎಂಬುದೂ ನೆನಪಿರಲಿ.

ಇನ್ನು ಸ್ಟೀರಾಯ್ಡ್. ಪ್ರಮಾಣ ಬದಲಿಸುವುದು ನಿಮ್ಮ ವೈದ್ಯರೇ. ಏಕೆ, ಹೇಗೆ ಎಂಬುದು ನಿಮಗೂ ಗೊತ್ತಿದ್ದರೆ ಒಳ್ಳೆಯದು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ 5 ಮಿ.ಗ್ರಾಂ. ಅಥವಾ ಅದಕ್ಕಿಂತ ಕಡಿಮೆಗೆ ತರುವುದು, ಸಾಧ್ಯವಾದರೆ ಪೂರ್ತಿ ನಿಲ್ಲಿಸುವುದು ಗುರಿ. ಲೂಪಸ್‌ನ ಮೂಲ ಔಷಧವಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಸರಿಯಾಗಿ ತೆಗೆದುಕೊಳ್ಳದೆ ಸ್ಟೀರಾಯ್ಡ್ ಇಳಿಸಲು ಹೊರಟರೆ ರೋಗ ಮರಳುವ ಸಂಭವ ಹೆಚ್ಚು. ಮಾತ್ರೆ ಬದಲಾದರೆ ಲೆಕ್ಕವೂ ಬದಲು: ಪ್ರೆಡ್ನಿಸೋಲೋನ್ 5 ಮಿ.ಗ್ರಾಂ. ಎಂದರೆ ಡೆಫ್ಲಾಜಕಾರ್ಟ್ 6, ಮಿಥೈಲ್‌ಪ್ರೆಡ್ನಿಸೋಲೋನ್ 4.

ಸಾಮಾನ್ಯ ಕ್ರಮ ಹೀಗಿದೆ. 20 ಮಿ.ಗ್ರಾಂ.ಗೆ ಇಳಿಯುವವರೆಗೆ ವಾರಕ್ಕೋ ಎರಡು ವಾರಕ್ಕೋ 5 ಇಳಿಸುತ್ತಾರೆ, 20ರಿಂದ 10ಕ್ಕೆ ಬರುವಾಗ ಎರಡು ವಾರಕ್ಕೆ 2.5. ಹತ್ತರ ಕೆಳಗೆ 2ರಿಂದ 4 ವಾರಕ್ಕೆ 1ರಿಂದ 2.5 ಮಾತ್ರ. 5ರಿಂದ 2.5ಕ್ಕೆ ಇಳಿದರೆ ಪ್ರಮಾಣ ಒಮ್ಮೆಲೇ ಅರ್ಧವಾಗುತ್ತದೆ. ಸಣ್ಣ ಮಾತ್ರೆ ಸಿಗದಿದ್ದರೆ ಒಂದು ದಿನ 5, ಮರುದಿನ 2.5 ಎಂದು ಒಂದು ತಿಂಗಳು ನಡೆಸಿ ಆಮೇಲೆ ಇಳಿಸುವುದುಂಟು.

ಇಲ್ಲಿಂದ ಕೆಳಗೆ, ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿಯದೇ ಚಿಂತೆ. ಮೂರು–ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಅದು ತನ್ನ ಕೆಲಸ ನಿಲ್ಲಿಸಿರಬಹುದು. ವಿಪರೀತ ಸುಸ್ತು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು, ತೂಕ ಇಳಿಕೆ ಅದರ ಕುರುಹು. ಚರ್ಮದ ದದ್ದು, ಬಾಯಿಹುಣ್ಣು, ಊದಿದ ಕೀಲು, ನೊರೆ ಮೂತ್ರ ಕಂಡರೆ ಲೂಪಸ್ ಮರಳಿದೆಯೇ ಎಂದು ನೋಡಬೇಕು. ಊತವಿಲ್ಲದ ಬರೀ ಮೈಕೈ ನೋವು ಮಾತ್ರ ಸ್ಟೀರಾಯ್ಡ್ ಇಳಿಸಿದ್ದಕ್ಕೂ ಬರುತ್ತದೆ.

ಅನುಮಾನ ಬಂದರೆ ಬೆಳಿಗ್ಗೆ 8ರಿಂದ 9ರ ನಡುವೆ ಕಾರ್ಟಿಸೋಲ್ ಪರೀಕ್ಷೆ. ಹಿಂದಿನ ದಿನದ ಮಾತ್ರೆಯಿಂದ 24 ಗಂಟೆ ಕಳೆದಿರಲಿ, ಆ ದಿನದ್ದನ್ನು ರಕ್ತ ಕೊಟ್ಟ ಮೇಲೆ ನುಂಗಿ. ಇಲ್ಲದಿದ್ದರೆ ಪ್ರೆಡ್ನಿಸೋಲೋನ್ ಕೂಡ ಕಾರ್ಟಿಸೋಲ್ ಎಂದೇ ಎಣಿಕೆಗೆ ಬರಬಹುದು. ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿದ್ದರೆ ನಿಲ್ಲಿಸಬಹುದು. 5ಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ನೋಡುತ್ತಾರೆ.

ಜ್ವರ ಬಂದಾಗ ಪ್ರಮಾಣ ಎಷ್ಟು ಏರಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕಾಗುತ್ತದೆ. ನಿಲ್ಲಿಸಿ ತಿಂಗಳುಗಳೇ ಕಳೆದಿದ್ದರೂ ಆಪರೇಷನ್‌ಗೆ ಮುಂಚೆ, ಹಲ್ಲು ಕೀಳಿಸುವ ಮುಂಚೆ ಸ್ಟೀರಾಯ್ಡ್ ತೆಗೆದುಕೊಂಡಿದ್ದನ್ನು ಹೇಳಿ, ಕೊನೆಯ ಮಾತ್ರೆಯ ತಾರೀಖು ಬರೆದ ಚೀಟಿ ಪರ್ಸ್‌ನಲ್ಲಿರಲಿ.